ಮುಟ್ಟಿದರೆ ಮಾತಾಡುವ ಬಂದೂಕು

1857ರ ದಂಗೆಗೆ ತಕ್ಷಣದ ಕಾರಣವೇನು? ಎರಡು ಅಂಕದ ಪ್ರಶ್ನೆ. ಹೈಸ್ಕೂಲು ಮುಗಿಸಿದ ಯಾರನ್ನೇ ನಿದ್ದೆಯಿಂದ ಎಬ್ಬಿಸಿ ಕೇಳಿ, ಉತ್ತರ ರೆಡಿ. ಎನ್‌ಫೀಲ್ಡ್ ಬಂದೂಕಿನ ಕಾಡತೂಸುಗಳಿಗೆ ದನದ ಮತ್ತು ಹಂದಿಯ ಕೊಬ್ಬು ಸವರಲಾಗಿದೆ ಎಂಬ ಸುದ್ದಿ. ಅದನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ಸಿಪಾಯಿಗಳು ಸಿಟ್ಟಿಗೆದ್ದರು. ಎರಡು ಅಂಕ ಸಿಕ್ಕಿತು, ಮುಂದಿನ ಪ್ರಶ್ನೆ.

ಈಗ ಅದೇ ವ್ಯಕ್ತಿಗೆ ಇನ್ನೆರಡು ಪ್ರಶ್ನೆ ಕೇಳಿ. ಬಂದೂಕಿನ ಮದ್ದಿಗೆ ಕೊಬ್ಬು ಯಾಕೆ ಬೇಕು? ಕೈ ಇರೋವಾಗ ಹಲ್ಲಲ್ಲಿ ಯಾಕೆ ಕಚ್ಚಬೇಕು? ನೂರಕ್ಕೆ ತೊಂಬತ್ತು ಜನ ಸುಮ್ಮನಾಗ್ತಾರೆ. ನಾನು ಇದನ್ನ ನಮ್ಮ ನ್ಯೂಸ್‌ರೂಮಿನಲ್ಲೇ ಕೇಳಿ ನೋಡಿದೀನಿ. ದಿನಕ್ಕೆ ಹತ್ತು ಸಲ ಇತಿಹಾಸದ ಬಗ್ಗೆ ಗಂಟಲು ಹರಕೊಳ್ಳುವ ಜಾಗ ಅದು. ಒಬ್ಬರೂ ಉತ್ತರ ಹೇಳಲಿಲ್ಲ.

ಅವರ ತಪ್ಪಲ್ಲ ಬಿಡಿ. ಆ ಬಂದೂಕನ್ನು ನಾವು ಯಾರೂ ಕೈಯಲ್ಲಿ ಹಿಡಿದಿಲ್ಲ. ನಮಗೆ ಎನ್‌ಫೀಲ್ಡ್ ಅಂದರೆ ಬುಲೆಟ್ ಬೈಕು. ಅಂದ ಹಾಗೆ ಆ ಬೈಕಿನ ಹೆಸರೂ ಬಂದೂಕಿನಿಂದಲೇ ಬಂದದ್ದು. ಲಂಡನ್ ಪಕ್ಕದ ಎನ್‌ಫೀಲ್ಡ್‌ನಲ್ಲಿ ಬ್ರಿಟಿಷ್ ಸರ್ಕಾರದ ಬಂದೂಕು ಕಾರ್ಖಾನೆ ಇತ್ತು. ಅದಕ್ಕೆ ಬಿಡಿಭಾಗ ಮಾಡಿಕೊಡುತ್ತಿದ್ದ ಕಂಪನಿಯೇ ಮುಂದೆ ಆ ಹೆಸರಿಟ್ಟುಕೊಂಡಿತು.

ಮೊದಲು ಕೊಬ್ಬಿನ ಕಥೆ. ಇಂಜಿನಿಯರಿಂಗ್ ಓದಿ ಟೀವಿಗೆ ಬಂದವನು ನಾನು. ಅಪರೂಪಕ್ಕೆ ಆ ಡಿಗ್ರಿ ಉಪಯೋಗಕ್ಕೆ ಬರ್ತಿದೆ, ಸ್ವಲ್ಪ ಸಹಿಸಿಕೊಳ್ಳಿ.

ಹಳೆಯ ಕಾಲದ ಬಂದೂಕಿನ ನಳಿಗೆ ಒಳಗೆ ನಯವಾಗಿರುತ್ತಿತ್ತು. ನೀರಿನ ಪೈಪಿನ ಹಾಗೆ. ಗುಂಡು ಒಳಗೆ ಆ ಕಡೆ ಈ ಕಡೆ ತಾಗುತ್ತಾ ಹೊರಗೆ ಬರುತ್ತಿತ್ತು. ನೂರು ಗಜ ದಾಟಿದರೆ ಅದು ಎಲ್ಲಿಗೆ ಹೋಗುತ್ತೆ ಅಂತ ಹೊಡೆದವನಿಗೂ ಗೊತ್ತಿರುತ್ತಿರಲಿಲ್ಲ. 1853ರ ಮಾದರಿಯ ಎನ್‌ಫೀಲ್ಡ್ ರೈಫಲಿನ ನಳಿಗೆಯೊಳಗೆ ಸುರುಳಿಯಾಕಾರದ ಮೂರು ಗೆರೆ ಕೊರೆದಿದ್ದರು. ಗುಂಡು ಆ ಗೆರೆಗಳನ್ನು ಹಿಡಿದುಕೊಂಡು ಬುಗುರಿಯಂತೆ ತಿರುಗುತ್ತಾ ಹೊರಬರುತ್ತದೆ. ತಿರುಗುವ ಬುಗುರಿ ಬೀಳಲ್ಲ, ತಿರುಗುವ ಗುಂಡು ದಾರಿ ತಪ್ಪಲ್ಲ. ಹಳೆಯ ಬಂದೂಕು ನೂರು ಗಜಕ್ಕೆ ಸುಸ್ತಾದರೆ, ಇದು ಅದರ ಎಷ್ಟೋ ಪಟ್ಟು ದೂರಕ್ಕೆ ಗುರಿಯಿಟ್ಟು ಹೊಡೆಯುತ್ತಿತ್ತು.

ಆದರೆ ಒಂದು ಸಮಸ್ಯೆ. ಆಗಿನ ಕರಿಮದ್ದು ಉರಿದರೆ ಅರ್ಧಕ್ಕಿಂತ ಹೆಚ್ಚು ಭಾಗ ಮಸಿಯಾಗಿ, ಗಟ್ಟಿ ಪದಾರ್ಥವಾಗಿ ಉಳಿಯುತ್ತದೆ. ನಾಲ್ಕು ಸಲ ಗುಂಡು ಹಾರಿಸಿದರೆ ನಳಿಗೆಯೊಳಗೆ ಒಲೆಯ ಹೊಗೆಗೂಡಿನ ಹಾಗೆ ಕರಿ ಕಟ್ಟುತ್ತದೆ. ಗೆರೆಗಳು ತುಂಬಿಕೊಳ್ಳುತ್ತವೆ. ಬಾಯಿಯಿಂದ ಗುಂಡು ತುರುಕಬೇಕಾದ ಬಂದೂಕಿನಲ್ಲಿ ಐದನೇ ಗುಂಡು ಒಳಗೇ ಹೋಗಲ್ಲ. ಅದಕ್ಕೇ ಜಿಡ್ಡು. ಗುಂಡು ಸಲೀಸಾಗಿ ಜಾರಬೇಕು, ಕರಿ ಮೆತ್ತಗಾಗಬೇಕು. ಅದಕ್ಕೆ ಬಳಸಿದ್ದು ಜೇನುಮೇಣ ಮತ್ತು ಪ್ರಾಣಿಯ ಕೊಬ್ಬು. ಯಾವ ಪ್ರಾಣಿಯ ಕೊಬ್ಬು ಅಂತ ಅಧಿಕಾರಿಗಳು ಸಕಾಲಕ್ಕೆ ವಿಚಾರಿಸಲೇ ಇಲ್ಲ. ಧರ್ಮ ಕೆಡಿಸುವ ಸಂಚು ಎಂಬ ಸುದ್ದಿ ಹಬ್ಬುವ ಮೊದಲು ಅಲ್ಲೊಂದು ಬೇಜವಾಬ್ದಾರಿ ಇತ್ತು.

ಇನ್ನು ಹಲ್ಲು. ಕಾಡತೂಸು ಅಂದರೆ ಆಗ ಹಿತ್ತಾಳೆಯ ಡಬ್ಬಿಯಲ್ಲ, ಕಾಗದದ ಸುರುಳಿ. ಒಂದು ತುದಿಯಲ್ಲಿ ಗುಂಡು, ಉಳಿದದ್ದರಲ್ಲಿ ಮದ್ದು. ಸೈನಿಕ ನಿಂತಿದ್ದಾನೆ. ಎಡಗೈಯಲ್ಲಿ ನಾಲ್ಕು ಕೆಜಿ ಮೀರಿದ ಬಂದೂಕನ್ನು ನೆಟ್ಟಗೆ ಹಿಡಿದಿದ್ದಾನೆ. ಬಲಗೈ ಸೊಂಟದ ಚೀಲದಿಂದ ಕಾಡತೂಸು ತೆಗೆದಿದೆ. ಎರಡೂ ಕೈ ಮುಗಿಯಿತು. ಕಾಗದ ಹರಿಯೋಕೆ ಮೂರನೇ ಕೈ ಎಲ್ಲಿಂದ ತರೋದು? ಹಲ್ಲೇ ಮೂರನೇ ಕೈ. ಕಚ್ಚಿ, ಮದ್ದು ಸುರಿದು, ಗುಂಡಿನ ತುದಿಯನ್ನು ನಳಿಗೆಯ ಬಾಯಿಗಿಟ್ಟು, ಕಂಬಿಯಿಂದ ಗಿಡಿದು, ಕ್ಯಾಪ್ ಇಟ್ಟು, ಗುರಿ ಹಿಡಿದು ಹೊಡೆಯಬೇಕು. ಪಳಗಿದವನು ಇದನ್ನೆಲ್ಲ ನಿಮಿಷಕ್ಕೆ ಮೂರು ಸಲ ಮಾಡುತ್ತಿದ್ದ.

ಇಲ್ಲೊಂದು ಸೂಕ್ಷ್ಮ ಇದೆ. ಜಿಡ್ಡು ಸವರುತ್ತಿದ್ದದ್ದು ಗುಂಡಿನ ತುದಿಗೆ. ಕಚ್ಚುತ್ತಿದ್ದದ್ದು ಮದ್ದಿನ ತುದಿಯನ್ನು. ಹಾಗಾದರೆ ತೊಂದರೆ ಏನು ಅಂತ ಮೇಜಿನ ಮುಂದೆ ಕೂತವನಿಗೆ ಅನ್ನಿಸಬಹುದು. ಉತ್ತರ ಭಾರತದ ಏಪ್ರಿಲ್ ಬಿಸಿಲಿನಲ್ಲಿ, ಒಂದೇ ಚೀಲದಲ್ಲಿ ಒತ್ತೊತ್ತಾಗಿ ತುಂಬಿದ ಕಾಗದದ ಸುರುಳಿಗಳಲ್ಲಿ ಕರಗಿದ ಕೊಬ್ಬು ಒಂದೇ ತುದಿಯಲ್ಲಿ ನಿಲ್ಲುತ್ತಾ? ಅಡುಗೆಮನೆಯಲ್ಲಿ ತುಪ್ಪದ ಡಬ್ಬಿ ಮುಟ್ಟಿದವರಿಗೆ ಈ ಪ್ರಶ್ನೆಗೆ ಉತ್ತರ ಗೊತ್ತು.

ಸರಿ, ಇದನ್ನೆಲ್ಲ ಓದಿ ತಿಳಕೊಳ್ಳಬಹುದು. ಆದರೆ ಜಗತ್ತಿನ ಕೆಲವು ಕಡೆ ಇದನ್ನು ಓದಿಸಲ್ಲ, ಮಾಡಿಸ್ತಾರೆ. ಹಳೆಯ ಬಂದೂಕನ್ನು ಪ್ರವಾಸಿಗನ ಕೈಗೇ ಕೊಡ್ತಾರೆ. ಅಮೆರಿಕದ ವರ್ಜೀನಿಯಾದಲ್ಲಿ ಕಲೋನಿಯಲ್ ವಿಲಿಯಮ್ಸ್‌ಬರ್ಗ್ ಅಂತ 18ನೇ ಶತಮಾನದ ಊರನ್ನೇ ಉಳಿಸಿಕೊಂಡಿರುವ ಜಾಗವಿದೆ. ಅಲ್ಲಿ 2016ರಲ್ಲಿ ಒಂದು ಫೈರಿಂಗ್ ರೇಂಜ್ ಶುರು ಮಾಡಿದರು. ಅವತ್ತಿನ ಮಾದರಿಯಲ್ಲಿ ಹೊಸದಾಗಿ ಮಾಡಿದ ಬಂದೂಕಿಗೆ ಮದ್ದು, ಗುಂಡು ತುಂಬಿ ಪ್ರವಾಸಿಗರೇ ಗುರಿಗೆ ಹೊಡೆಯಬಹುದು. ಕೆನಡಾದ ಹ್ಯಾಲಿಫ್ಯಾಕ್ಸ್ ನಗರದ ಗುಡ್ಡದ ಮೇಲೆ ಸಿಟಡೆಲ್ ಅನ್ನುವ ಕೋಟೆಯಿದೆ. ಈಗಿನ ಕೋಟೆ 1856ರಲ್ಲಿ ಮುಗಿದದ್ದು. ಅಲ್ಲಿ ಗುಂಡಿಲ್ಲದ, ಬರೀ ಮದ್ದಿನ ಕಾಡತೂಸು ಹಾಕಿ ಹೊಡೆಸ್ತಾರೆ.

ಹ್ಯಾಲಿಫ್ಯಾಕ್ಸ್‌ಗೆ ನಾನು ಹೋಗಿದ್ದೆ. ಅಲ್ಲಿ ಓದುತ್ತಿದ್ದ ಚಿಕ್ಕಪ್ಪನ ಮಗಳು ಕರೆದುಕೊಂಡು ಹೋದಳು. "ಅಣ್ಣ, ಟೀವಿಯಲ್ಲಿ ದಿನಾ ಯುದ್ಧ ಮಾಡಿಸ್ತೀಯಲ್ಲ, ಇಲ್ಲೊಂದು ಸಲ ಬಂದೂಕು ಹಿಡಿ" ಅಂದಳು. ಸ್ಕಾಟ್ಲೆಂಡಿನ ಚೌಕುಳಿ ಲಂಗ ಉಟ್ಟು ಹಳೆಯ ಕಾಲದ ಸೈನಿಕನ ವೇಷದಲ್ಲಿದ್ದ ಹುಡುಗನೊಬ್ಬ ಮೊದಲು ಸುರಕ್ಷತೆಯ ಪಾಠ ಮಾಡಿದ. ಆಮೇಲೆ ಸ್ನೈಡರ್-ಎನ್‌ಫೀಲ್ಡ್ ರೈಫಲ್ ಕೈಗೆ ಬಂತು. ಹತ್ತಿರ ಹತ್ತಿರ ನಾಲ್ಕು ಕೆಜಿ. ಕಾಲೇಜಿನಲ್ಲಿ ಎನ್‌ಸಿಸಿ ಕ್ಯಾಂಪಿಗೆ ಹೋದವರು ಪಾಯಿಂಟ್ ಟೂ ಟೂ ರೈಫಲ್ ಹಿಡಿದಿರ್ತೀರಿ. ಇದರ ಮುಂದೆ ಅದು ಊರುಗೋಲು. ಭುಜಕ್ಕೆ ಆನಿಸಿ ಹಿಡಿದು ಎಣಿಸಿ ನೋಡಿ, ಒಂದು ನಿಮಿಷದೊಳಗೆ ಎಡಗೈ ನಡುಗೋಕೆ ಶುರುವಾಗುತ್ತೆ. ಹೊಡೆದರೆ ಎದುರಿಗೆ ಬಿಳಿ ಹೊಗೆ. ದೀಪಾವಳಿಯ ಮಾರನೇ ದಿನದ ಬೀದಿಯ ವಾಸನೆ. ಕೆಲವು ಕ್ಷಣ ಮುಂದಿರುವುದು ಏನೂ ಕಾಣಲ್ಲ. ಒಬ್ಬನ ಹೊಗೆಗೇ ಹೀಗೆ. ಐನೂರು ಜನ ಸಾಲಾಗಿ ನಿಂತು ಹೊಡೆದರೆ? ಯುದ್ಧದ ಸಿನಿಮಾಗಳಲ್ಲಿ ಎಲ್ಲ ಎಷ್ಟು ಸ್ಪಷ್ಟವಾಗಿ ಕಾಣುತ್ತೆ ಅಲ್ವಾ? ನಿಜವಾದ ರಣರಂಗದಲ್ಲಿ ಸೈನಿಕನಿಗೆ ಪಕ್ಕದವನ ಮುಖವೂ ಸರಿಯಾಗಿ ಕಂಡಿರಲಿಕ್ಕಿಲ್ಲ.

ಆ ವೇಷ ಯಾವ ಪಲ್ಟಣದ್ದು ಗೊತ್ತಾ? 78ನೇ ಹೈಲ್ಯಾಂಡರ್ಸ್. 1869ರಿಂದ 1871ರವರೆಗೆ ಹ್ಯಾಲಿಫ್ಯಾಕ್ಸ್‌ನಲ್ಲಿದ್ದ ಸ್ಕಾಟಿಷ್ ರೆಜಿಮೆಂಟ್. ಅವರ ಗುರುತುಗಳಲ್ಲಿ ಒಂದು ಆನೆ! ಸ್ಕಾಟ್ಲೆಂಡಿನವರಿಗೆ ಆನೆ ಎಲ್ಲಿಂದ ಬಂತು? ನಮ್ಮಲ್ಲಿಂದ. ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಅದೇ ಆರ್ಥರ್ ವೆಲ್ಲೆಸ್ಲಿ 1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೋದಾಗ ಈ ಪಲ್ಟಣ ಅವನ ಜೊತೆಗಿತ್ತು. ಆ ವರ್ಷ ಸೆಪ್ಟೆಂಬರ್ 23ರಂದು ಅಸ್ಸಾಯೆಯಲ್ಲಿ, ಅಂದರೆ ಇವತ್ತಿನ ಮಹಾರಾಷ್ಟ್ರದ ಜಾಲ್ನಾ ಜಿಲ್ಲೆಯಲ್ಲಿ, ಘೋರ ಕಾಳಗ ನಡೆಯಿತು. ಆನೆ ಆ ಗೆಲುವಿನ ಗುರುತು. 1857ರಲ್ಲೂ ಇದೇ ಪಲ್ಟಣ ಹ್ಯಾವ್‌ಲಾಕ್‌ನ ಸೇನೆಯಲ್ಲಿ ಕಾನ್ಪುರಕ್ಕೆ, ಆಮೇಲೆ ಲಖನೌಗೆ ನುಗ್ಗಿತು. ಲಖನೌ ಬೀದಿಗಳಲ್ಲಿ ಹೋರಾಡಿ ಹನ್ನೆರಡು ವರ್ಷವಾದ ಮೇಲೆ ಹ್ಯಾಲಿಫ್ಯಾಕ್ಸ್‌ಗೆ ಬಂದವರು ಅವರು. ಹಾಗಾಗಿ ಆ ಕೋಟೆಯಲ್ಲಿ ನಿಂತ ಭಾರತೀಯನಿಗೆ ಕೈಯಲ್ಲಿರುವುದು ಯಾರದೋ ದೇಶದ ಆಟಿಕೆ ಅನ್ನಿಸಲ್ಲ.

ಸ್ನೈಡರ್ ಬಂದೂಕಿನ ವಿಶೇಷ ಏನು ಅಂದರೆ, ಅದು ಎನ್‌ಫೀಲ್ಡೇ. ನಳಿಗೆಯ ಹಿಂಭಾಗವನ್ನು ಕತ್ತರಿಸಿ, ಪಕ್ಕಕ್ಕೆ ತೆರೆದುಕೊಳ್ಳುವ ಬಾಗಿಲಿನಂಥ ಒಂದು ಭಾಗ ಕೂರಿಸಿದರು. ಬ್ರಿಟಿಷ್ ಸೇನೆ ಇದನ್ನು ಒಪ್ಪಿಕೊಂಡದ್ದು 1866ರಲ್ಲಿ. ಬಾಗಿಲು ತೆಗೆ, ಲೋಹದ ಕಾಡತೂಸು ಇಡು, ಮುಚ್ಚು, ಹೊಡೆ. ಖಾಲಿಯಾದದ್ದನ್ನು ಹಿಂದಕ್ಕೆ ಎಳೆದು, ಬಂದೂಕನ್ನು ಮಗುಚಿ ಕೆಳಗೆ ಬೀಳಿಸು. ಪಳಗಿದವನು ನಿಮಿಷಕ್ಕೆ ಹತ್ತು ಸಲ ಹೊಡೆಯಬಲ್ಲ. ಕಾಗದ ಇಲ್ಲ, ಕಚ್ಚೋದು ಇಲ್ಲ. ನಾನು ಆ ಬಾಗಿಲನ್ನು ತೆಗೆದು ಮುಚ್ಚಿ ಮಾಡುವಾಗ ಲೆಕ್ಕ ಹಾಕಿದೆ. ಯಾವ ಕಾಡತೂಸನ್ನು ಮುಟ್ಟಲ್ಲ ಅಂದಿದ್ದಕ್ಕೆ ಅಷ್ಟೊಂದು ರಕ್ತ ಹರಿಯಿತೋ, ಆ ತಂತ್ರಜ್ಞಾನ ಒಂಬತ್ತೇ ವರ್ಷಕ್ಕೆ ಹಳತಾಯಿತು.

ಹಾಗಂತ ಸ್ನೈಡರ್ ಮೊದಲೇ ಬಂದಿದ್ದರೆ ದಂಗೆಯೇ ಆಗುತ್ತಿರಲಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೀರತ್‌ನಲ್ಲಿ ನಡೆದದ್ದು ನೋಡಿ. 1857ರ ಏಪ್ರಿಲ್ 24. ಮೂರನೇ ಲೈಟ್ ಕ್ಯಾವಲ್ರಿಯ 90 ಸವಾರರನ್ನು ಮೈದಾನಕ್ಕೆ ಕರೆಸಿದರು. ಅಷ್ಟೊತ್ತಿಗೆ ಹಲ್ಲಿನಿಂದ ಕಚ್ಚಬೇಕಾಗಿಲ್ಲ, ಕೈಯಲ್ಲೇ ಹರಿಯಿರಿ ಅಂತ ಕ್ರಮ ಬದಲಾಗಿತ್ತು. ಅವತ್ತು ಕೊಟ್ಟದ್ದು ಕೂಡ ಅವರು ಮೊದಲಿಂದ ಬಳಸುತ್ತಿದ್ದ ಹಳೆಯ ಕಾಡತೂಸುಗಳನ್ನೇ. ಆದರೂ 85 ಮಂದಿ ಮುಟ್ಟಲಿಲ್ಲ. ಕಾಡತೂಸು ಬದಲಾಯಿಸಬಹುದಿತ್ತು, ಕ್ರಮ ಬದಲಾಯಿಸಬಹುದಿತ್ತು. ಹೋದ ನಂಬಿಕೆ ವಾಪಸ್ ತರೋಕೆ ಆಗಲಿಲ್ಲ. ಮೇ 9ರಂದು ಎಲ್ಲರೆದುರು ಅವರಿಗೆ ಬೇಡಿ ಹಾಕಿದರು. ಮೇ 10ರಂದು ಮೀರತ್ ಹೊತ್ತಿಕೊಂಡಿತು.

ನಂಬಿಕೆ ಆ ಕಡೆಯಿಂದಲೂ ಹೋಗಿತ್ತು. ಅದಕ್ಕೆ ಸಾಕ್ಷಿ ಬೇಕಾ? ದಂಗೆ ಅಡಗಿದ ಮೇಲೆ ಭಾರತೀಯ ಸಿಪಾಯಿಗಳಿಗೆ ಒಂದು ಹೊಸ ಬಂದೂಕು ಬಂತು. 1858ರ ಮಾದರಿ. ಹೊರಗಿನಿಂದ ನೋಡಿದರೆ ಎನ್‌ಫೀಲ್ಡ್‌ನ ತದ್ರೂಪು. ಅದೇ ಮರ, ಅದೇ ಉದ್ದ, ಅದೇ ಗತ್ತು. ಆದರೆ ನಳಿಗೆಯೊಳಗೆ ಗೆರೆಗಳಿಲ್ಲ! ಬೇಕೆಂದೇ ನಯ ಮಾಡಿದ್ದರು. ದೂರಕ್ಕೆ ಗುರಿ ಹಿಡಿಯುವ ಸಾಧನದ ಜಾಗದಲ್ಲಿ ಸಾದಾ ಪಟ್ಟಿ ಕೂರಿಸಿದ್ದರು. ಬಿಳಿಯ ಸೈನಿಕನ ಬಂದೂಕು ದೂರಕ್ಕೆ ಹೊಡೆಯಬೇಕು, ಕರಿಯ ಸಿಪಾಯಿಯದು ನೂರು ಗಜಕ್ಕೆ ನಿಲ್ಲಬೇಕು. ಅವನು ಮತ್ತೆ ತಿರುಗಿಬಿದ್ದರೆ? ಆ ಲೆಕ್ಕಾಚಾರ ಕಬ್ಬಿಣದಲ್ಲೇ ಬರೆದಿತ್ತು. ಫಿರಂಗಿಗಳನ್ನೂ ಬಹುಪಾಲು ಬ್ರಿಟಿಷರೇ ಇಟ್ಟುಕೊಂಡರು. ಬ್ರಿಟಿಷರು ಸ್ನೈಡರ್ ಹಿಡಿದಾಗ ನಮ್ಮ ಬಹುಪಾಲು ಸಿಪಾಯಿಗಳು ಬಾಯಿಯಿಂದ ತುಂಬುವ ಬಂದೂಕನ್ನೇ ಹೊತ್ತಿದ್ದರು. ಅವರ ಕೈಗೆ ಮಾರ್ಟಿನಿ-ಹೆನ್ರಿ ಅನ್ನುವ ಹೊಸದು ಬಂದ ಮೇಲೆ, 1870ರ ದಶಕದಲ್ಲಿ, ಹಳೆಯ ಸ್ನೈಡರ್ ನಮ್ಮವರಿಗೆ ಇಳಿದು ಬಂತು. ಅಣ್ಣನ ಅಂಗಿ ತಮ್ಮನಿಗೆ ಬಂದ ಹಾಗೆ ಅನ್ನೋಣ ಅಂದರೆ, ಅಲ್ಲಿ ಅಣ್ಣತಮ್ಮ ಅನ್ನುವ ಭಾವನೆಯೇ ಇರಲಿಲ್ಲ.

ಈಗ ನೀವೇ ಹೇಳಿ. ಈ ಎರಡು ಬಂದೂಕುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣುತ್ತಾ? ಕಾಣಲ್ಲ. ನಳಿಗೆಯ ಬಾಯೊಳಗೆ ಕಿರುಬೆರಳು ಇಟ್ಟು ಸವರಬೇಕು. ಒಂದರಲ್ಲಿ ಗೆರೆ ತಾಗುತ್ತದೆ, ಇನ್ನೊಂದರಲ್ಲಿ ಬೆರಳು ಸುಮ್ಮನೆ ಜಾರುತ್ತದೆ. ವಸಾಹತುಶಾಹಿ ಅಂದರೇನು ಅಂತ ಮಕ್ಕಳಿಗೆ ಒಂದು ಅಧ್ಯಾಯ ಪಾಠ ಮಾಡ್ತೀವಿ. ಆ ಬೆರಳಿಗೆ ಅರ್ಧ ನಿಮಿಷ ಸಾಕು.

ಇದು ಸೈನಿಕರ ಕಥೆಯಾಯಿತು. ಊರಿನ ಜನರ ಬಂದೂಕುಗಳು ಏನಾದವು? 1857ರಲ್ಲೇ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣ ಕಾಯ್ದೆ ತಂದಿತು. ಆಯುಧ ಇದ್ದವರು ತಂದೊಪ್ಪಿಸಬೇಕು. ಇವತ್ತಿನ ಬಾಗಲಕೋಟೆ ಜಿಲ್ಲೆ, ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರು ಒಪ್ಪಲಿಲ್ಲ. ಆಯುಧ ಅವರ ಬದುಕು, ಅವರ ಮಾನ. ನವೆಂಬರ್ ಕೊನೆಯಲ್ಲಿ ಸೈನ್ಯ ಊರನ್ನು ಸುತ್ತುವರಿಯಿತು. ಊರಿಗೆ ಬೆಂಕಿ ಬಿತ್ತು. ಹಲವರು ಹೋರಾಡುತ್ತಲೇ ಸತ್ತರು. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳನ್ನು ಉತ್ತರ ಕರ್ನಾಟಕದ ಲಾವಣಿಕಾರರು ಇವತ್ತಿನವರೆಗೆ ಉಳಿಸಿದ್ದಾರೆ. ಆ ಲಾವಣಿಯನ್ನು ಬರೆದಿಟ್ಟು ಅಚ್ಚು ಮಾಡಿಸಿದವನು ಜೆ.ಎಫ್. ಫ್ಲೀಟ್, ಅದೇ ಬ್ರಿಟಿಷ್ ಸರ್ಕಾರದ ಅಧಿಕಾರಿ.

ಅದೇ ಕರ್ನಾಟಕದ ಇನ್ನೊಂದು ಮೂಲೆಗೆ ಬನ್ನಿ. ಕೊಡಗಿನವರಿಗೆ 1861ರಲ್ಲಿ ಆ ಕಾಯ್ದೆಯಿಂದ ವಿನಾಯಿತಿ ಸಿಕ್ಕಿತು. ಅವರ ನಿಷ್ಠೆಗೆ ಬ್ರಿಟಿಷರು ಕೊಟ್ಟ ಮನ್ನಣೆ ಅದು. ವಿನಾಯಿತಿ ಇವತ್ತಿಗೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಗದ್ದೆ ನಾಟಿ ಮುಗಿದ ಮೇಲೆ ಬರುವ ಕೈಲ್ ಮುಹೂರ್ತದ ದಿನ ಕೊಡವರ ಮನೆಗಳಲ್ಲಿ ಕೋವಿಗೆ ಪೂಜೆ. ನಳಿಗೆಯ ಬಾಯಿಗೆ ತೋಕ್ ಪೂ, ಅಂದರೆ ಕೋವಿಹೂವು. ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು ಗುಂಡು ಹಾರಿಸುವ ಪದ್ಧತಿ. ಹಳೆಯ ಕೋವಿ ಎಷ್ಟು ಭಾರ, ಹೇಗೆ ಹಿಡಿಯಬೇಕು, ಯಾವತ್ತೂ ಯಾರ ಕಡೆಗೂ ತಿರುಗಿಸಬಾರದು ಅನ್ನೋದನ್ನ ಅಲ್ಲಿ ಅಜ್ಜ ಮೊಮ್ಮಗನಿಗೆ ಹೇಳಿಕೊಡ್ತಾನೆ. ಅದಕ್ಕೆ ಮ್ಯೂಸಿಯಂ ಬೇಕಿಲ್ಲ.

ಒಂದೇ ಭಾಷೆಯ ರಾಜ್ಯ, ನಾಲ್ಕು ವರ್ಷದ ಅಂತರ. ಒಂದು ಕಡೆ ಕೋವಿ ಬಿಡಲ್ಲ ಅಂದವರಿಗೆ ಗಲ್ಲು. ಇನ್ನೊಂದು ಕಡೆ ಕೋವಿ ಇಟ್ಟುಕೊಳ್ಳಿ ಅಂತ ಅಪ್ಪಣೆ. ಕೊಡವರ ಮೇಲೆ ಬೊಟ್ಟು ಮಾಡೋಕೆ ಇದನ್ನ ಹೇಳ್ತಿಲ್ಲ. ಆಳುವವನು ಯಾರನ್ನು ನಂಬಿದ, ಯಾರಿಗೆ ಹೆದರಿದ ಅನ್ನೋದು ಯಾರ ಕೈಯಲ್ಲಿ ಬಂದೂಕು ಉಳಿಯಿತು ಅನ್ನುವುದರಿಂದ ಗೊತ್ತಾಗುತ್ತೆ.

ಹಾಗಾದರೆ ನಾವು ಏನು ಮಾಡಿದ್ದೀವಿ? ನಮ್ಮ ರಾಜ್ಯದ ಒಂದು ಮ್ಯೂಸಿಯಂನಲ್ಲಿ ನಾನು ನೋಡಿದ್ದು ಹೇಳ್ತೀನಿ. ಧೂಳು ಹಿಡಿದ ಗಾಜು. ಒಳಗೆ ಸಾಲಾಗಿ ಐದಾರು ಬಂದೂಕು. ಕೆಳಗೊಂದು ಚೀಟಿ: "ಬಂದೂಕುಗಳು, 19ನೇ ಶತಮಾನ". ಪಕ್ಕದಲ್ಲಿ ಇನ್ನೊಂದು ಚೀಟಿ: "ಮುಟ್ಟಬಾರದು". ಶಾಲೆಯ ಮಕ್ಕಳ ಸಾಲೊಂದು ಮೇಷ್ಟ್ರ ಹಿಂದೆ ಬಂತು. ಒಂದು ನಿಮಿಷವೂ ನಿಲ್ಲಲಿಲ್ಲ. ನಿಲ್ಲೋಕೆ ಅಲ್ಲಿ ಏನಿತ್ತು ಹೇಳಿ?

ಇಲ್ಲಿ ಎರಡು ಆಕ್ಷೇಪ ಬರುತ್ತವೆ, ಎರಡೂ ನ್ಯಾಯವಾದವೇ. ಮೊದಲನೆಯದು, ಮಕ್ಕಳ ಕೈಗೆ ಬಂದೂಕು ಕೊಟ್ಟು ಹಿಂಸೆಯನ್ನು ಆಟ ಮಾಡ್ತೀರಾ? ಹೌದು, ಆ ಅಪಾಯ ಇದೆ. ಲಂಗ ಉಟ್ಟು, ಹೊಡೆದು, ಸೆಲ್ಫಿ ತೆಗೆದುಕೊಂಡು ಹೊರಟರೆ ಬಂದೂಕು ಆಟಿಕೆಯೇ. ಅದರ ಗುರಿ ಯಾರ ಎದೆಯ ಮೇಲಿತ್ತು ಎಂಬ ಕಥೆ ಜೊತೆಗೆ ಬರಲೇಬೇಕು. ಆದರೆ ಯೋಚನೆ ಮಾಡಿ. ನಮ್ಮ ಮಕ್ಕಳು ಈಗಾಗಲೇ ಮೊಬೈಲಿನಲ್ಲಿ ದಿನಕ್ಕೆ ನೂರು ಜನರನ್ನು ಹೊಡೀತಿದ್ದಾರೆ. ಅಲ್ಲಿ ಬಂದೂಕಿಗೆ ತೂಕ ಇಲ್ಲ, ಹೊಗೆ ಇಲ್ಲ, ಕೈ ನಡುಗಲ್ಲ. ನಿಜವಾದ ತೂಕ ಕೈಗೆ ಸಿಕ್ಕಿದವನಿಗೆ ಅದರ ಗಂಭೀರತೆ ಗೊತ್ತಾಗುತ್ತೆ.

ಎರಡನೆಯದು ಸುರಕ್ಷತೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ, ಜನಜಂಗುಳಿ ಇದೆ. ಒಪ್ಪಿದೆ. ಅದಕ್ಕೇ ನಾನು ಹೇಳೋದು, ನಮಗೆ ಗುಂಡು ಹಾರಿಸುವ ರೇಂಜ್ ಬೇಡ. ಮದ್ದೂ ಬೇಡ. ಅಸಲಿ ಬಂದೂಕುಗಳು ಗಾಜಿನೊಳಗೇ ಭದ್ರವಾಗಿರಲಿ. ಪಕ್ಕದಲ್ಲೊಂದು ಮೇಜು ಹಾಕಿ. ಅದರ ಮೇಲೆ ಅಷ್ಟೇ ತೂಕದ, ಗುಂಡು ಹಾರಿಸಲಾಗದ ಒಂದು ಮಾದರಿ. ಎರಡು ಗೇಣುದ್ದದ ಎರಡು ಕಬ್ಬಿಣದ ನಳಿಗೆ ತುಂಡು, ಒಂದರಲ್ಲಿ ಗೆರೆ, ಒಂದರಲ್ಲಿ ಇಲ್ಲ. ಮದ್ದಿನ ಬದಲು ರಾಗಿ ತುಂಬಿದ ಕಾಗದದ ಸುರುಳಿಗಳು ಒಂದು ಬುಟ್ಟಿ. ಜೊತೆಗೆ ಕಥೆ ಹೇಳಬಲ್ಲ ಒಬ್ಬ ಗೈಡು. ನಳಿಗೆಯ ತುಂಡುಗಳನ್ನು ಪೀಣ್ಯದ ಯಾವ ವರ್ಕ್‌ಶಾಪಿನಲ್ಲಾದರೂ ಮಾಡಿಕೊಡ್ತಾರೆ. ಒಂದು ಮಗು ಎಡಗೈಯಲ್ಲಿ ಆ ಮಾದರಿ ಹಿಡಿದು, ಬಲಗೈಯಲ್ಲಿ ಸುರುಳಿ ತೆಗೆದುಕೊಂಡು, ಈಗ ಹೇಗೆ ಹರಿಯೋದು ಅಂತ ತಬ್ಬಿಬ್ಬಾಗಿ ನಿಲ್ಲಲಿ. ಯಾರೂ ಹೇಳಿಕೊಡದೆಯೇ ಸುರುಳಿ ಬಾಯಿಗೆ ಹೋಗುತ್ತೆ. ಆಗ ಗೈಡು ಕೇಳಲಿ: "ಇದಕ್ಕೆ ನಿನ್ನ ಮನೆಯಲ್ಲಿ ಯಾವತ್ತೂ ಮುಟ್ಟದ ಪದಾರ್ಥ ಸವರಿದ್ದಾರೆ ಅಂತ ಯಾರೋ ಹೇಳಿದರೆ, ಕಚ್ತೀಯಾ?"

ಆ ಮಗುವಿಗೆ ಮೀರತ್‌ನ 85 ಜನ ಆಮೇಲೆ ಬರೀ ಸಂಖ್ಯೆಯಾಗಿ ಉಳಿಯಲ್ಲ.

ಈ ಮೇಜನ್ನು ಎಲ್ಲಿ ಹಾಕಬೇಕು ಅಂತ ನನ್ನನ್ನು ಕೇಳಿದರೆ, ಬೆಂಗಳೂರು ಬೇಡ, ಮೈಸೂರೂ ಬೇಡ. ಅಲ್ಲಿಗೆ ಎಲ್ಲ ಮೊದಲೇ ಬಂದಿದೆ. ಮೊದಲ ಮೇಜು ಹಲಗಲಿಗೆ ಹೋಗಲಿ. ಬಂದೂಕು ಬಿಡಲ್ಲ ಅಂದಿದ್ದಕ್ಕೆ ಸುಟ್ಟುಹೋದ ಊರಿನ ಮಕ್ಕಳು, ತಮ್ಮ ಹಿರಿಯರಿಂದ ಕಿತ್ತುಕೊಂಡದ್ದು ಎಷ್ಟು ಭಾರ ಇತ್ತು ಅಂತ ಒಂದು ಸಲ ಎತ್ತಿ ನೋಡಲಿ. ಇಲಾಖೆಯವರು ಯಾರಾದರೂ ಇದನ್ನು ಓದ್ತಿದ್ದರೆ, ಖರ್ಚು ನಿಮ್ಮ ಒಂದು ಉದ್ಘಾಟನಾ ಸಮಾರಂಭದ ಹಾರ, ಶಾಲು, ಪೆಂಡಾಲಿಗಿಂತ ಕಡಿಮೆ. ಏನಂತೀರಿ?